ಹಣೆ ಕೊಡದ ಗೌಡರು

ಹೋದ ಮೂಗಿನ ಜಾಗದಲ್ಲಿ ಬೇರೆ ಮೂಗು ಕಟ್ಟುವ ವಿದ್ಯೆ ನಮ್ಮ ದೇಶದ್ದೇ. ಹಣೆಯ ಚರ್ಮವನ್ನು ಎಲೆಯ ಆಕಾರಕ್ಕೆ ಬಿಡಿಸಿ, ಹುಬ್ಬುಗಳ ನಡುವೆ ತೊಟ್ಟು ಮಾತ್ರ ಉಳಿಸಿಕೊಂಡು, ತಿರುಗಿಸಿ ಕೆಳಗಿಳಿಸಿ ಹೊಲಿಯುವುದು. ನಮ್ಮವರು ಮಾಡುತ್ತಿದ್ದುದನ್ನು ಇಂಗ್ಲಿಷರು ನೋಡಿಕೊಂಡು ಹೋಗಿ ಪುಸ್ತಕದಲ್ಲಿ ಬರೆದರು. ಆ ಪುಸ್ತಕವನ್ನು ಮದ್ರಾಸಿನಲ್ಲಿ ಓದಿ ನಾನು ಕಲಿತೆ. ಕಲಿತದ್ದನ್ನು ಮತ್ತೆ ಅವರಿಗೇ ತೋರಿಸಿ, ಅವರ ಖರ್ಚಿನಲ್ಲಿ ಅವರ ದೇಶ ನೋಡಿಬರಬೇಕೆಂದು ಹೊರಟಿದ್ದೆ. ಇದರಲ್ಲಿ ನಗುವಂಥದ್ದು ಏನೋ ಇದೆ ಎಂದು ಈಗ ಅನ್ನಿಸುತ್ತದೆ. ಆಗ ಎದೆಯುರಿಗೆ ದಿನಾ ಸೋಡಾಪುಡಿ ನುಂಗುತ್ತಿದ್ದೆ.

ಮದ್ರಾಸಿನ ವೈದ್ಯಕಾಲೇಜೊಂದರಲ್ಲಿ ಶಸ್ತ್ರಚಿಕಿತ್ಸೆಯ ಪಾಠ ಹೇಳುತ್ತಿದ್ದವನನ್ನು ಸರ್ಕಾರ ಕೆಲವು ವರ್ಷದ ಮಟ್ಟಿಗೆ ಕೊಳ್ಳೇಗಾಲದ ಆಸ್ಪತ್ರೆಗೆ ಹಾಕಿತ್ತು. ಕನ್ನಡ ಬಲ್ಲ ಸರ್ಜನ್ನು ಅವರ ಪಟ್ಟಿಯಲ್ಲಿ ನಾನೊಬ್ಬನೇ ಇದ್ದೆನೆಂದು ಕಾಣುತ್ತದೆ. ಕೊಳ್ಳೇಗಾಲ ಆಗ ಮದ್ರಾಸಿಗೆ ಸೇರಿದ್ದು. ನಾನು ಹುಟ್ಟಿದ ಯಳಂದೂರು ಮೈಸೂರಿಗೆ ಸೇರಿದ್ದು. ಬೆಳಿಗ್ಗೆ ಗಾಡಿ ಕಟ್ಟಿದರೆ ಊಟದ ಹೊತ್ತಿಗೆ ಮುಟ್ಟುವಷ್ಟು ದೂರಕ್ಕೆ ಎರಡು ಸರ್ಕಾರ. ಹಾಗಾಗಿ, ಅರ್ಜಿಯಲ್ಲಿ ನಾನು ಯಾವ ರಾಜ್ಯದವನೆಂದು ಬರೆಯಬೇಕು, ತಪ್ಪಾಗಿ ಬರೆದರೆ ಕೊನೆಯ ಗಳಿಗೆಯಲ್ಲಿ ಹಡಗಿನಿಂದ ಇಳಿಸಿಬಿಡುತ್ತಾರೋ ಎಂದು ಒಂದು ಚಿಂತೆ. ಹಡಗು ಹತ್ತುವುದೇ ಇನ್ನೂ ಗಟ್ಟಿಯಾಗಿರಲಿಲ್ಲ ಎಂಬುದು ಬೇರೆ ಮಾತು. ನನ್ನ ಚಿಂತೆಗಳು ಯಾವತ್ತೂ ನನಗಿಂತ ಒಂದು ನಿಲ್ದಾಣ ಮುಂದೆಯೇ ಇಳಿದುಕೊಂಡು ಕಾಯುತ್ತಿರುತ್ತವೆ.

ಆ ಅರ್ಜಿಯ ವಿಷಯ ಹೇಳಬೇಕು. ಇಂಗ್ಲೆಂಡಿನ ಶಸ್ತ್ರವೈದ್ಯರ ಸಂಘವೊಂದು ಪ್ರತಿವರ್ಷ ನಮ್ಮ ಕಡೆಯ ಒಬ್ಬ ಅಧ್ಯಾಪಕನನ್ನು ಆರಿಸಿ, ದಾರಿಖರ್ಚು ಕೊಟ್ಟು, ಒಂದು ವರ್ಷ ತಮ್ಮ ಆಸ್ಪತ್ರೆಗಳಲ್ಲಿ ಇಟ್ಟುಕೊಳ್ಳುತ್ತಿತ್ತು. ಬದಲಿಗೆ ಅವರ ಕಡೆಯ ಪ್ರೊಫೆಸರೊಬ್ಬರು ಇಲ್ಲಿಗೆ ಬಂದು, ಊರೂರು ತಿರುಗಿ, ಅರ್ಜಿ ಹಾಕಿದವರ ಕೈಕೆಲಸವನ್ನು ಕಣ್ಣಾರೆ ನೋಡಿ ವರದಿ ಬರೆಯುತ್ತಿದ್ದರು. ಸೀಮೆಗೆ, ಅಂದರೆ ಇಂಗ್ಲೆಂಡಿಗೆ, ಹೋಗಿ ಬರದವನು ಮದ್ರಾಸಿನಲ್ಲಿ ಪ್ರೊಫೆಸರಾಗುವುದು ಆಗದ ಮಾತು. ಹಾಗೆಂದು ಎಲ್ಲೂ ಬರೆದಿರಲಿಲ್ಲ, ಆದರೆ ಜವಾನನಿಗೂ ಗೊತ್ತಿತ್ತು. ನಲವತ್ತು ತುಂಬಿದವರು ಅರ್ಜಿ ಹಾಕುವಂತಿರಲಿಲ್ಲ. ನನಗೆ ಮೂವತ್ತೆಂಟು ಕಳೆದಿತ್ತು.

ಹನೂರಿನಾಚೆಯ ಕಾಡಂಚಿನ ಊರುಗಳಿಂದ ಕರಡಿ ಕಿತ್ತ ಮುಖಗಳು ನಮ್ಮ ಆಸ್ಪತ್ರೆಗೆ ಬರುತ್ತಿದ್ದವು. ಕರಡಿ ಎದ್ದು ನಿಂತು ಹೊಡೆಯುವುದೇ ಮುಖಕ್ಕೆ. ಮದ್ರಾಸಿನಲ್ಲಿ ನಾನು ಹಣೆಯಿಂದ ಕಟ್ಟಿದ ಮೂಗುಗಳ ಬಗ್ಗೆ ಒಂದು ಲೇಖನ ಬರೆದಿದ್ದೆ. ಅದನ್ನೇ ಅರ್ಜಿಯ ಜೊತೆ ಲಗತ್ತಿಸಿದ್ದೆ. ನನ್ನ ಗುರುಗಳಾಗಿದ್ದ ಪ್ರೊಫೆಸರು ಮದ್ರಾಸಿನಿಂದ ಬರೆದು ತಿಳಿಸಿದರು: ಬರುವ ಇಂಗ್ಲಿಷ್ ಪ್ರೊಫೆಸರಿಗೆ ಹಣೆಯ ಮೂಗನ್ನು ಅದರ ತವರಿನಲ್ಲೇ ನೋಡುವ ಆಸೆಯಂತೆ, ಅದಕ್ಕಾಗಿಯೇ ದಿಂಬಂ ಘಾಟಿ ಹತ್ತಿ ಕೊಳ್ಳೇಗಾಲದವರೆಗೂ ಬರಲು ಒಪ್ಪಿದ್ದಾರಂತೆ, ಒಳ್ಳೆಯ ಕೇಸೊಂದನ್ನು ಸಿದ್ಧವಾಗಿಟ್ಟುಕೊಂಡಿರು.

ಒಳ್ಳೆಯ ಕೇಸು ಕೈಯಲ್ಲೇ ಇತ್ತು. ಲೊಕ್ಕನಹಳ್ಳಿಯ ಗೌಡರು. ಐವತ್ತರ ಹತ್ತಿರದ ಆಸಾಮಿ, ಎತ್ತರದ ಆಳು, ಊರಿನಲ್ಲಿ ನಾಲ್ಕು ಜನ ಮಾತು ಕೇಳುವಂಥವರು. ಹಿಂದಿನ ಮಳೆಗಾಲದಲ್ಲಿ ಕಾಡಿನ ಮಗ್ಗುಲ ಹೊಲಕ್ಕೆ ಬೆಳಿಗ್ಗೆ ಹೋದವರನ್ನು ಹಳ್ಳದಿಂದೆದ್ದ ಕರಡಿ ಹಿಡಿದಿತ್ತು. ಕಣ್ಣು ಉಳಿದವು, ತುಟಿ ಉಳಿಯಿತು, ಮೂಗು ಹೋಯಿತು. ಗಾಯ ಮಾಯಿಸಿ ಕಳಿಸಿದವನು ನಾನೇ. ಆಮೇಲೆ ಅವರು ಟವಲನ್ನು ಕಣ್ಣಿನ ಕೆಳಗಿನಿಂದ ಸುತ್ತಿಕೊಂಡು ಓಡಾಡುತ್ತಿದ್ದರು. ಪಂಚಾಯಿತಿಗೆ ಕೂರುವುದನ್ನು ಬಿಟ್ಟಿದ್ದರು. ಮೂಗು ಕಟ್ಟಿಕೊಡುತ್ತೇನೆ ಅಂದಾಗ ನನ್ನ ಮುಖವನ್ನು ಬಹಳ ಹೊತ್ತು ನೋಡಿ, ಆಗ್ಲಿ ಸಾ ಎಂದರು. ಇಂಥ ವಾರ ಬನ್ನಿ ಎಂದೆ, ಆಗ್ಲಿ ಸಾ. ಬಿಳಿಯ ಡಾಕ್ಟರೊಬ್ಬರು ನೋಡುತ್ತಾರೆ ಎಂದೆ, ಅದಕ್ಕೂ ಆಗ್ಲಿ ಸಾ. ಇಷ್ಟು ಸಾಧು ರೋಗಿ ಸಿಕ್ಕಿದ್ದಾರೆಂದು ಆ ದಿನವೇ ಮದ್ರಾಸಿಗೆ ಬರೆದುಹಾಕಿದೆ. ನಮ್ಮ ಕಡೆಯವರು ದೊಡ್ಡವರ ಮುಖಕ್ಕೆ ಇಲ್ಲ ಅನ್ನುವುದಿಲ್ಲ, ಒಪ್ಪಿದ್ದಾರೋ ಇಲ್ಲವೋ ಎಂಬುದು ಹೊತ್ತು ಬಂದಾಗ ಗೊತ್ತಾಗುತ್ತದೆ ಎಂಬುದನ್ನು ಯಳಂದೂರಿನಲ್ಲಿ ಹುಟ್ಟಿದವನು ಮರೆಯಬಾರದಿತ್ತು.

ಸಾಹೇಬರು ಬರುವುದಕ್ಕೆ ಒಂದು ವಾರವಿರುವಾಗ ಗೌಡರು ಹೆಂಡತಿಯನ್ನು ಕರೆದುಕೊಂಡು ಬಂದು ಸೇರಿದರು. ಆಕೆ ಆಸ್ಪತ್ರೆಯ ಹಿಂದಿನ ಹುಣಸೆಮರದ ಬುಡದಲ್ಲಿ ಮೂರು ಕಲ್ಲು ಹೂಡಿ ಮುದ್ದೆಗೆ ಎಸರಿಟ್ಟರು. ನಾನು ಗೌಡರನ್ನು ಕೂರಿಸಿ, ಹಣೆಯನ್ನು ಸ್ಪಿರಿಟ್ಟಿನಿಂದ ಒರೆಸಿ, ನೇರಳೆ ಮಸಿಯಲ್ಲಿ ಎಲೆಯ ಆಕಾರ ಬರೆದೆ. ಒರೆಸುವಾಗ ಬೆಳಗಿನ ವಿಭೂತಿ ಹತ್ತಿಗೆ ಬಂತು. ಅದನ್ನು ನಾನು ಗಮನಿಸಿದ್ದು, ಹತ್ತಿ ಕೊಳೆಯಾಯಿತು ಎಂಬಷ್ಟು ಮಟ್ಟಿಗೆ ಮಾತ್ರ.

ಅವರು ಕನ್ನಡಿ ಕೇಳಿದರು. ನೋಡಿಕೊಂಡರು.

"ಇದೇನ್ ಸಾ, ಅಣೆ ಮ್ಯಾಲೆ?"

ಇಲ್ಲಿಂದ ಚರ್ಮ ತೆಗೆದು ಮೂಗು ಮಾಡುತ್ತೇನೆ ಎಂದು ವಿವರಿಸಿದೆ. ಹಣೆಯಲ್ಲಿ ಬಿದ್ದ ಜಾಗಕ್ಕೆ ತೊಡೆಯಿಂದ ತೆಳ್ಳನೆಯ ಚರ್ಮ ತೆಗೆದು ಹಾಕುತ್ತೇನೆ, ಸ್ವಲ್ಪ ಕಲೆ ಉಳಿಯುತ್ತದೆ, ಅಷ್ಟೆ ಎಂದೆ. ಪಾಠ ಹೇಳುವವರಿಗೆ ಒಂದು ದುರಭ್ಯಾಸ: ಕೇಳುವವರು ಸುಮ್ಮನಿದ್ದರೆ ಅರ್ಥವಾಯಿತೆಂದುಕೊಂಡು ಮುಂದೆ ಹೋಗುತ್ತಾರೆ. ನಾನು ತುಂಬಾ ಮುಂದೆ ಹೋಗಿದ್ದೆ.

"ತೊಡೆ ಚರ್ಮದ ಮ್ಯಾಲೆ ಇಬೂತಿ ಅಚ್ಕಳನಾ ಸಾ?" ಎಂದರು ಗೌಡರು.

ಅವರು ಕನ್ನಡಿಯನ್ನು ಮಂಚದ ಮೇಲೆ ಬೋರಲಾಗಿ ಇಟ್ಟರು. "ಅಣೆ ಬ್ಯಾಡ ಸಾ. ಬ್ಯಾರೆ ಎಲ್ಲಿಂದಾದ್ರೂ ತಕಳಿ."

ನಾನೂ ಶಿವಾಚಾರದ ಮನೆಯಲ್ಲೇ ಹುಟ್ಟಿದವನು. ಕೋಟಿನ ಒಳಗೆ, ಷರಟಿನ ಒಳಗೆ, ಬನಿಯನ್ನಿನ ಒಳಗೆ ನನಗೂ ಲಿಂಗವಿದೆ. ಆದರೆ ಅಷ್ಟು ಒಳಗಿರುವುದರಿಂದ ಆಪರೇಷನ್ನಿನ ಲೆಕ್ಕಕ್ಕೆ ಬಂದಿರಲಿಲ್ಲ. ಆ ಸಂಜೆ ಮನೆಯ ಜಗಲಿಯಲ್ಲಿ ಅತ್ತಿಂದಿತ್ತ ನಡೆಯುತ್ತ ನೂರೆಂಟು ಕಲ್ಪಿಸಿಕೊಂಡೆ. ಸಾಹೇಬರು ಅಷ್ಟು ದೂರದಿಂದ ಬಂದು ಬರಿಗೈಯಲ್ಲಿ ಹೋಗುವುದು, ವರದಿಯಲ್ಲಿ ನನ್ನ ಹೆಸರಿನ ಮುಂದೆ ಗೀಟೆಳೆಯುವುದು, ನಲವತ್ತು ತುಂಬುವುದು, ಪೆನ್ಷನ್ನಿನವರೆಗೂ ತಾಲ್ಲೂಕು ಆಸ್ಪತ್ರೆಗಳಲ್ಲಿ ಕುರು ಕುಯ್ಯುತ್ತಿರುವುದು. ಬೇರೊಬ್ಬ ರೋಗಿಯನ್ನು ಹುಡುಕೋಣವೆಂದರೆ, ಮೂಗಿಲ್ಲದ ಮುಖ ಬೇಕೆಂದಾಗ ಸಿಗುತ್ತದೆಯೆ? ಆ ವಾರ ಒಂದು ಕರಡಿಯಾದರೂ ಯಾರನ್ನಾದರೂ ಹಿಡಿಯಬಾರದೆ ಎಂಬಲ್ಲಿಯವರೆಗೆ ಮನಸ್ಸು ಹೋಗಿ, ಹೆದರಿ ವಾಪಸು ಬಂತು.

ಹನೂರಿನ ಮಠದಲ್ಲಿ ವಯಸ್ಸಾದ ಅಯ್ಯನವರೊಬ್ಬರಿದ್ದರು. ಗೌಡರ ಮನೆತನಕ್ಕೆ ಗುರುಗಳು. ಅವರ ಬಾಯಿಂದ ಒಂದು ಮಾತು ಹೇಳಿಸಿದರೆ ಆಯಿತೆಂದು ಮಾರನೆಯ ದಿನ ಗೌಡರನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಹೋದೆ. ಮಸಿಯ ಎಲೆ ಇನ್ನೂ ಹಣೆಯ ಮೇಲಿತ್ತು. ಅದರ ಮೇಲೇ ಅವರು ವಿಭೂತಿ ಎಳೆದುಕೊಂಡಿದ್ದರು. ಬಸ್ಸಿನವರೆಲ್ಲ ಟವಲನ್ನು ಬಿಟ್ಟು ಹಣೆ ನೋಡಿದರು.

ಅಯ್ಯನವರು ನನ್ನ ಮಾತನ್ನು ಪೂರ್ತಿ ಕೇಳಿದರು. ವಿಭೂತಿ ಹಚ್ಚುವುದು ಅಂಗಕ್ಕೆ, ಚರ್ಮ ಯಾವ ಭಾಗದ್ದೆಂದು ಶಾಸ್ತ್ರ ಕೇಳುವುದಿಲ್ಲ, ಪ್ರಾಣಿಯಿಂದ ಕೆಟ್ಟ ದೇಹವನ್ನು ವೈದ್ಯ ಸರಿಮಾಡಿದರೆ ದೋಷವಿಲ್ಲ ಎಂದು ನಿಧಾನವಾಗಿ, ನನಗೆ ಬೇಕಾದದ್ದನ್ನೆಲ್ಲ ಹೇಳಿದರು. ನನಗೆ ಅವರ ಕಾಲು ಹಿಡಿದುಕೊಳ್ಳುವಷ್ಟು ಸಂತೋಷವಾಯಿತು. ಹಿಡಿದುಕೊಂಡೆ ಕೂಡ. ಗೌಡರೂ ಉದ್ದಕ್ಕೆ ಅಡ್ಡಬಿದ್ದರು, ಪಾದೋದಕ ತೆಗೆದುಕೊಂಡರು. ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಳ್ಳುವಾಗ ನಾನು, ಸರಿ ಹಾಗಾದರೆ ಅಂದೆ.

"ಅಯ್ನೋರು ಏಳಿದ್ದು ದಿಟವೇ ಸಾ," ಎಂದರು ಗೌಡರು. "ಆದ್ರೆ ಅಣೆ ನಂದು."

ವಾಪಸು ಬರುವ ಬಸ್ಸಿನಲ್ಲಿ ಅವರು ನನಗೆ ಕಿಟಕಿಯ ಪಕ್ಕದ ಸೀಟು ಬಿಟ್ಟುಕೊಟ್ಟಿದ್ದರು.

ಇನ್ನು ಉಳಿದದ್ದು ತೋಳು. ಇಟಲಿಯವರು ಹಿಂದೆ ಮಾಡುತ್ತಿದ್ದ ರೀತಿ: ಮೇಲ್ದೋಳಿನ ಒಳಮಗ್ಗುಲ ಚರ್ಮವನ್ನು ಒಂದು ಬದಿ ಬಿಡಿಸಿ ಮೂಗಿನ ಜಾಗಕ್ಕೆ ಹೊಲಿದು, ತೋಳನ್ನು ಮುಖಕ್ಕೆ ಅಂಟಿದ ಹಾಗೆಯೇ ಪ್ಲಾಸ್ಟರಿನಲ್ಲಿ ಬಿಗಿದು ಮೂರು ವಾರ ಕೂರಿಸುವುದು. ಅಂಗೈ ತಲೆಯ ಮೇಲೆ ಬಂದು ಕೂರುತ್ತದೆ. ಮುಖದ ರಕ್ತವೇ ಆ ಚರ್ಮಕ್ಕೆ ಹರಿಯತೊಡಗಿದ ಮೇಲೆ ತೋಳನ್ನು ಬಿಡಿಸುವುದು. ರೋಗಿಗೆ ಹಿಂಸೆ, ಡಾಕ್ಟರಿಗೆ ನಿದ್ದೆಯಿಲ್ಲ. ಗೌಡರಿಗೆ ಹೇಳಿದೆ. ತೋಳಾದ್ರೆ ಆಗ್ಲಿ ಸಾ ಎಂದರು. ಈ ಸಲದ ಆಗ್ಲಿಯನ್ನು ನಾನು ನಾಲ್ಕು ಬಾರಿ ತಿರುಗಿಸಿ ಕೇಳಿ ಗಟ್ಟಿ ಮಾಡಿಕೊಂಡೆ. ಎಡತೋಳಿನ ಮೇಲೆ ಮಸಿ ಹಾಕಿದೆ. ಪುಸ್ತಕದಲ್ಲಿ ಎಡತೋಳೇ ಇರುವುದು, ಬಲಗೈ ಬಳಕೆಗೆ ಬಿಡಬೇಕಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿಗೆ ಇದನ್ನೆಲ್ಲ ವರದಿ ಮಾಡಿದೆ. ಅವಳು ನನ್ನ ಸೋದರಮಾವನ ಮಗಳೇ, ಯಳಂದೂರಿನವಳು. ಅವಳ ಎದುರು ನನ್ನ ಡಾಕ್ಟರಿಕೆ ಯಾವತ್ತೂ ನಡೆದದ್ದಿಲ್ಲ. ಸಾರು ಬಡಿಸುತ್ತ ಕೇಳಿದಳು: "ನೀವು ಪೂಜೆ ಮಾಡುವಾಗ ಲಿಂಗ ಯಾವ ಕೈಲಿ ಇಟ್ಕೊತೀರಿ?"

ನಾನು ಎಡ ಅಂಗೈಯನ್ನು ನೋಡಿಕೊಂಡೆ.

"ನೆನಪಿದೆಯಲ್ಲ, ಸದ್ಯ," ಎಂದಳು. "ಬಹಳ ದಿನ ಆಯ್ತು, ಮರ್ತಿದ್ದೀರೇನೋ ಅಂತ ಕೇಳ್ದೆ."

ಅನ್ನ ಬಿಟ್ಟು ಎದ್ದೆ. ಆಸ್ಪತ್ರೆಗೆ ಹೋಗಿ ಎಡತೋಳಿನ ಮಸಿಯನ್ನು ಸ್ಪಿರಿಟ್ಟಿನಿಂದ ಒರೆಸಿ ಬಲತೋಳಿನ ಮೇಲೆ ಬರೆದೆ. ಎಡಗೈ ಸಿಕ್ಕಿಹಾಕಿಕೊಂಡರೆ ಪೂಜೆಯಿಲ್ಲ, ಪೂಜೆಯಿಲ್ಲದೆ ಅವರು ತುತ್ತು ಮುಟ್ಟುವವರಲ್ಲ. ಬಲಗೈ ಸಿಕ್ಕಿಹಾಕಿಕೊಂಡರೆ ಪೂಜೆ ಉಂಟು, ಆದರೆ ಎಡಗೈಯಲ್ಲಿ ಉಣ್ಣುವವರಲ್ಲ. ಯಾವ ಪುಸ್ತಕದಲ್ಲೂ ಇಲ್ಲದ ಈ ಪ್ರಶ್ನೆಗೆ ಗೌಡರ ಹೆಂಡತಿ ಒಲೆಯ ಮುಂದಿನಿಂದಲೇ ಪರಿಹಾರ ಹೇಳಿದರು: "ತಿನ್ನಿಸ್ತೀನಿ ಬುಡಿ. ಅದಕ್ಯಾಕೆ ಅಷ್ಟೊಂದು ಯೋಚ್ನೆ." ಯಾವ ತೋಳಿನ ಮೇಲೆ ಮಸಿ ಬಿದ್ದರೂ ಗೌಡರು ಏನೂ ಕೇಳಿರಲಿಲ್ಲ. ಎಡತೋಳಿನ ಮಸಿ ಹಾಗೇ ಉಳಿದಿದ್ದರೆ, ಆಪರೇಷನ್ನಿನ ದಿನ ಬೆಳಿಗ್ಗೆ ಬ್ಯಾಡ ಸಾ ಅನ್ನುತ್ತಿದ್ದರೋ, ಅಥವಾ ರಾತ್ರಿಯೇ ಎದ್ದು ಊರಿಗೆ ನಡೆದುಬಿಡುತ್ತಿದ್ದರೋ.

ಈ ನಡುವೆ ಯಳಂದೂರಿನವರ ಬಾಯಲ್ಲಿ ನಾನಾಗಲೇ ಸೀಮೆಗೆ ಹೋಗಿ ಅರ್ಧ ವರ್ಷ ಕಳೆದಿದ್ದೆ. ಮಾವನವರು ತಮ್ಮ ಅಂಗಡಿಗೆ ಬಂದವರಿಗೆಲ್ಲ ಅಳಿಯ ಹೊರಟ ಸುದ್ದಿ ಹಂಚಿದ್ದರು. ಒಬ್ಬರು ಫೌಂಟನ್ ಪೆನ್ನು ತರಲು ಹೇಳಿಕಳಿಸಿದರು, ಇನ್ನೊಬ್ಬರು ಅಲ್ಲಿ ಮುದ್ದೆಗೆ ಏನು ಮಾಡುತ್ತೀರೆಂದು ಕೇಳಲು ಕೊಳ್ಳೇಗಾಲಕ್ಕೇ ಬಂದರು. ಇನ್ನೂ ಏನೂ ಆಗಿಲ್ಲ ಎಂದರೆ ಅದು ನನ್ನ ವಿನಯವೆಂದು ತಿಳಿಯುತ್ತಿದ್ದರು.

ಸಾಹೇಬರು ಬಂದರು. ಹಾಸನೂರಿನ ಕಾಡುದಾರಿಯಲ್ಲಿ ಬಂದ ಅವರ ಕಾರು ಬಿಸಿಯೇರಿ ಲೊಕ್ಕನಹಳ್ಳಿಯಲ್ಲೇ ನಿಂತು ನೀರು ಕುಡಿಯಿತಂತೆ. ಊರಿಗೆ ಊರೇ ಸುತ್ತ ಸೇರಿತ್ತಂತೆ. ಅರವತ್ತರ ಸಮೀಪದ ಮನುಷ್ಯ, ಕೆಂಪು ಕತ್ತು, ಮೃದುವಾದ ಮಾತು. ಯುದ್ಧದಲ್ಲಿ ಸುಟ್ಟ ಮುಖಗಳನ್ನು ವರ್ಷಗಟ್ಟಲೆ ಸರಿಮಾಡಿದವರು. ಒಳ್ಳೆಯವರು ಎಂದು ನೋಡಿದ ಕೂಡಲೆ ತಿಳಿಯಿತು, ಅದರಿಂದ ನನ್ನ ಭಯ ಜಾಸ್ತಿಯಾಯಿತು. ಕೆಟ್ಟವರಾಗಿದ್ದರೆ ಆಮೇಲೆ ಅವರನ್ನು ದೂರಿಕೊಂಡಿರಬಹುದಿತ್ತು.

ಹಣೆಯಲ್ಲ, ತೋಳು ಎಂದು ಹೇಳಿದೆ. ಕಾರಣವನ್ನೂ ನನಗೆ ಬಂದ ಇಂಗ್ಲಿಷಿನಲ್ಲಿ ವಿವರಿಸಿದೆ. ಅವರು ಟೋಪಿಯನ್ನು ಮೊಣಕಾಲಿನ ಮೇಲೆ ತಿರುಗಿಸುತ್ತ ಕೇಳಿಸಿಕೊಂಡರು. ತೋಳಿನದನ್ನು ನಾವು ನಮ್ಮೂರಲ್ಲೇ ಮಾಡುತ್ತೇವೆ, ಅದನ್ನು ನೋಡಲು ಇಷ್ಟು ದೂರ ಬರಬೇಕಿರಲಿಲ್ಲ ಎಂದು ನಗುತ್ತಲೇ ಅಂದರು. ಆಮೇಲೆ, ರೋಗಿಗೆ ಹಣೆಯ ಚರ್ಮವೇ ವಾಸಿ, ಬಣ್ಣ ಹೊಂದುತ್ತದೆ, ಬೇಗ ಕೂಡುತ್ತದೆ, ಅವರ ಹಿತಕ್ಕಾದರೂ ಇನ್ನೊಮ್ಮೆ ಕೇಳಿ ನೋಡೋಣವೇ, ನಾನೇ ಕೇಳುತ್ತೇನೆ, ನೀವು ಕನ್ನಡದಲ್ಲಿ ಹೇಳಿ ಎಂದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಹಣೆಯದೇ ವಾಸಿ ಎಂಬುದು ನನಗೂ ಗೊತ್ತಿತ್ತು. ನನ್ನ ಕಷ್ಟವೆಂದರೆ, ಅದರಲ್ಲಿ ಗೌಡರ ಹಿತ ಎಲ್ಲಿಗೆ ಮುಗಿಯುತ್ತದೆ, ನನ್ನ ಹಿತ ಎಲ್ಲಿಂದ ಶುರುವಾಗುತ್ತದೆ ಎಂದು ನನಗೇ ಕಾಣದಾಗಿತ್ತು.

ಮೂವರೂ ಕೂತೆವು. ಸಾಹೇಬರು ಒಂದೊಂದೇ ವಾಕ್ಯ ಹೇಳಿದರು, ನಾನು ಒಂದೊಂದೇ ವಾಕ್ಯ ಕನ್ನಡಕ್ಕೆ ತಂದೆ. ಅವರು ಮೆಲ್ಲಗೆ ಹೇಳಿದ್ದು ನನ್ನ ಬಾಯಲ್ಲಿ ಸ್ವಲ್ಪ ಒತ್ತಿ ಬರುತ್ತಿತ್ತು. ಗೌಡರು ಸಾಹೇಬರನ್ನು ನೋಡದೆ ನನ್ನನ್ನೇ ನೋಡುತ್ತಿದ್ದರು.

"ಕರಡಿ ನನ್ನೇನು ಕೇಳ್ನಿಲ್ಲ ಸಾ, ತಕಂಡೋಯ್ತು," ಎಂದರು. "ನೀವು ಕೇಳ್ತಾ ಇದ್ದೀರಿ. ಕೇಳಿದ್ಮೇಲೆ ಬ್ಯಾಡ ಅನ್ಬೌದಲ್ವಾ?"

ಇದನ್ನು ಇಂಗ್ಲಿಷಿಗೆ ತರುವಾಗ, ಅವರು ಯೋಚಿಸಿ ಹೇಳುತ್ತಾರಂತೆ ಎಂದು ಹೇಳಿಬಿಡಬಹುದಿತ್ತು. ಆ ಕೋಣೆಯಲ್ಲಿ ಎರಡೂ ಭಾಷೆ ಬಲ್ಲವನು ನಾನೊಬ್ಬನೇ. ಆದರೆ ಗೌಡರ ಕಣ್ಣು ನನ್ನ ಬಾಯಿಯ ಮೇಲಿತ್ತು. ಹೇಳಿದ ಹಾಗೆಯೇ ಹೇಳಿದೆ. ಸಾಹೇಬರು ಟೋಪಿ ತಿರುಗಿಸುವುದನ್ನು ನಿಲ್ಲಿಸಿ, ಸರಿ, ತೋಳು ಎಂದು ಎದ್ದು ಕೈ ತೊಳೆಯಲು ಹೋದರು.

ಮರಗಟ್ಟಿಸುವ ಇಂಜೆಕ್ಷನ್ನು ಕೊಟ್ಟು ಆಪರೇಷನ್ನು ಮಾಡಿದೆ. ಸಾಹೇಬರು ಎದುರಿಗೆ ನಿಂತು ದಾರ ಕತ್ತರಿಸಿಕೊಟ್ಟರು. ಕೆಲಸದ ಹೊತ್ತಿನಲ್ಲಿ ನನ್ನ ಚಿಂತೆಗಳು ಬಾಗಿಲಾಚೆ ನಿಂತು ಕಾಯುತ್ತವೆ. ಎಲ್ಲ ಮುಗಿದು ಕಾಫಿ ಲೋಟ ಹಿಡಿದಾಗ ಒಳಗೆ ಬರುತ್ತವೆ.

ಮಾರನೆಯ ಬೆಳಿಗ್ಗೆ ಹೊರಡುವ ಮುನ್ನ ಸಾಹೇಬರು ವಾರ್ಡಿಗೆ ಬಂದರು. ಗೌಡರು ಮಂಚದ ಮೇಲೆ ನೆಟ್ಟಗೆ ಕೂತಿದ್ದರು. ಬಲತೋಳು ಮುಖಕ್ಕೆ ಬಿಗಿದಿತ್ತು, ಬಲ ಅಂಗೈ ತಲೆಯ ಮೇಲಿತ್ತು, ಎಡ ಅಂಗೈಯಲ್ಲಿ ಲಿಂಗವಿತ್ತು. ಪಕ್ಕದಲ್ಲಿ ಹೆಂಡತಿ ನಿಂತು ಅದಕ್ಕೆ ನೀರು ಬಿಟ್ಟು, ಒರೆಸಿ, ವಿಭೂತಿ ಇಟ್ಟು, ಪತ್ರೆ ಏರಿಸುತ್ತಿದ್ದರು. ಕೈ ಆಕೆಯದು, ಪೂಜೆ ಅವರದು. ಪ್ಲಾಸ್ಟರಿನ ಸಂದಿಯಲ್ಲಿ ಕಾಣುತ್ತಿದ್ದ ಹಣೆಗೆ ಆಕೆಯೇ ವಿಭೂತಿ ಎಳೆದಿದ್ದರು. ಸಾಹೇಬರು ಬಾಗಿಲಲ್ಲೇ ನಿಂತರು. ಅದೇನು ಎಂದು ಪಿಸುಗುಟ್ಟಿದರು, ನಾನೂ ಪಿಸುಗುಟ್ಟಿ ವಿವರಿಸಿದೆ. ನಿಮಗೂ ಉಂಟೇ ಎಂದರು. ಎದೆ ಮುಟ್ಟಿಕೊಂಡು ಹೌದೆಂದೆ.

ಹಾಗಾದರೆ ಅವರು ಹಣೆ ಕೊಡುವುದಿಲ್ಲವೆಂದು ನಿಮಗೆ ಮೊದಲೇ ಗೊತ್ತಿತ್ತಲ್ಲವೇ ಎಂದು ಅವರು ಸಹಜವಾಗಿ ಕೇಳಿದರು. ಗೊತ್ತಿರಲಿಲ್ಲ ಎಂದರೆ ದಡ್ಡನಾಗುತ್ತಿದ್ದೆ, ಗೊತ್ತಿತ್ತು ಎಂದರೆ ಕಟುಕನಾಗುತ್ತಿದ್ದೆ. ಕಾರಿಗೆ ನೀರು ಹಾಕಿಸಲೇ ಎಂದು ಕೇಳಿದೆ.

ಮೂರು ವಾರ ಗೌಡರ ಹೆಂಡತಿ ಮುದ್ದೆಯನ್ನು ಸಣ್ಣಸಣ್ಣದಾಗಿ ಮುರಿದು, ಸಾರಿನಲ್ಲಿ ಹೊರಳಿಸಿ ಅವರ ಬಾಯಿಗಿಟ್ಟರು. ಅವರಿಗೆ ನಾಚಿಕೆ. ಅಕ್ಕಪಕ್ಕದ ಮಂಚದವರು ನೋಡುತ್ತಾರೆಂದು ಗೋಡೆ ಕಡೆ ತಿರುಗಿ ಕೂರುತ್ತಿದ್ದರು. "ಈ ಕಡೆ ತಿರೀಕಳಿ, ಗೋಡೆಗೆ ತಿನ್ನಿಸ್ಲಾ?" ಎನ್ನುವುದು ಆಕೆಯ ದಿನದ ಮಾತು. "ಇಪ್ಪತ್ತು ವರ್ಷ ಉಪ್ಪು ಕಮ್ಮಿ ಖಾರ ಜಾಸ್ತಿ ಅಂದ್ರಲ್ಲ, ಈಗ ಅನ್ನಿ ನೋಡನ." ನಾನು ದಿನಕ್ಕೆ ಹತ್ತು ಬಾರಿ ಹೋಗಿ ಚರ್ಮ ಕಪ್ಪಾಗಿದೆಯೋ, ವಾಸನೆ ಬಂದಿದೆಯೋ ನೋಡುತ್ತಿದ್ದೆ. ಕಪ್ಪಾಗಲಿಲ್ಲ. ತೋಳು ಬಿಡಿಸಿ, ಮೂಗಿನ ಆಕಾರ ತಿದ್ದಿದೆ. ನಿಂತಿತು. ಅಷ್ಟೇನೂ ಚೆಲುವಾದ ಮೂಗಲ್ಲ, ಆದರೆ ಮೂಗು. ಟವಲು ಹೆಗಲಿಗೆ ಹೋಯಿತು.

ಒಂದೇ ಕೊರತೆ, ಸಾಹೇಬರು ಹೇಳಿದ್ದೇ. ಬಿಸಿಲು ಕಾಣದ ತೋಳಿನ ಒಳಮಗ್ಗುಲ ಚರ್ಮ ಬೆಳ್ಳಗಿತ್ತು. ಬಿಸಿಲಲ್ಲಿ ಸುಟ್ಟ ಆ ಕಪ್ಪು ಮುಖದ ನಡುವೆ ಮೂಗೊಂದೇ ಬೇರೆಯವರಿಂದ ತಂದು ಇಟ್ಟ ಹಾಗೆ ಕಾಣುತ್ತಿತ್ತು. ಲೊಕ್ಕನಹಳ್ಳಿಯವರು ಹಾಗೆಯೇ ಅರ್ಥ ಮಾಡಿಕೊಂಡರು. ಬಿಳಿ ದೊರೆ ಕಾರಿನಲ್ಲಿ ಹೋದದ್ದನ್ನು ಅವರು ಕಂಡಿದ್ದರು. ಅದಾದ ಮೇಲೆ ಗೌಡರು ಬಿಳಿ ಮೂಗಿನೊಡನೆ ಬಂದದ್ದನ್ನೂ ಕಂಡರು. ದೊರೆಯೇ ಸೀಮೆಯಿಂದ ಮೂಗು ತಂದು ಹಾಕಿಹೋದ ಎಂದು ಹನೂರಿನ ಸಂತೆಯವರೆಗೂ ಸುದ್ದಿಯಾಯಿತು. ಕಾರು ನಿಂತದ್ದು ಮೂಗಿಗೆ ತಣ್ಣೀರು ಚಿಮುಕಿಸುವುದಕ್ಕಂತೆ. ನನ್ನ ಪಾಲಿಗೆ, ಪಕ್ಕದಲ್ಲಿ ನಿಂತು ದಾರ ಕೊಟ್ಟವನೆಂಬ ಗೌರವ ಬಂತು.

ಆ ವರ್ಷದ ಅವಕಾಶ ಹೊಟ್ಟೆಯ ಹುಣ್ಣಿನ ಆಪರೇಷನ್ನು ಮಾಡಿ ತೋರಿಸಿದ ಬೇರೊಬ್ಬರಿಗೆ ಹೋಯಿತು. ನನ್ನ ಗುರುಗಳು ಸಮಾಧಾನ ಹೇಳಿ ಬರೆದರು. ಸಾಹೇಬರು ನಿನ್ನ ಕೈಯನ್ನು ಹೊಗಳಿದ್ದಾರೆ, ಆದರೆ ಅರ್ಜಿಯಲ್ಲಿ ಬರೆದದ್ದು ಒಂದು, ತೋರಿಸಿದ್ದು ಇನ್ನೊಂದು ಎಂಬುದು ಸಮಿತಿಯ ತಕರಾರು, ಬರುವ ಸಲದ ಅರ್ಜಿಗೆ ನಿನ್ನ ವಯಸ್ಸು ಇನ್ನೂ ಒಪ್ಪುತ್ತದೆ, ಅಷ್ಟರೊಳಗೆ ಹಣೆಯ ಮೂಗೊಂದನ್ನು ಮಾಡಿ ಫೋಟೋ ಕಳಿಸು, ಸಾಕು.

ಸಾಕು ಎಂದು ಮದ್ರಾಸಿನಲ್ಲಿ ಕೂತು ಬರೆಯುವುದು ಸುಲಭ. ಇಲ್ಲಿ ಆಮೇಲೆ ಬಂದವರೆಲ್ಲ ತೋಳನ್ನು ಚಾಚಿಕೊಂಡೇ ಬಂದರು. ಶಾಗ್ಯದಿಂದ ಬಂದ ಹೆಂಗಸು, ಲಿಂಗವೂ ಇಲ್ಲ ವಿಭೂತಿಯೂ ಇಲ್ಲ, ಹಣೆಯೆಂದ ಕೂಡಲೆ ಸೆರಗು ಎಳೆದುಕೊಂಡು ಎದ್ದೇಬಿಟ್ಟಳು. ಗೌಡ್ರಿಗೆ ಆಕಿದ್ರಲ್ಲ, ಅಂತಾದ್ದೇ ಆಕಿ ಎಂದಳು. ಯಳಂದೂರಿನಲ್ಲಿ ಮಾವನವರು, ಹಡಗಿನಲ್ಲಿ ಜಾಗವಿಲ್ಲವಂತೆ ಎಂದು ಅಂಗಡಿಗೆ ಬಂದವರಿಗೆ ಹೇಳುತ್ತಿದ್ದರು. ನನಗೆ ಹೇಳಿಕೊಟ್ಟ ಸುಳ್ಳೂ ಅದೇ. ತಿಂಗಳುಗಳು ಕಳೆದವು. ಮುಂದಿನ ಅರ್ಜಿಯ ಕಡೆಯ ದಿನ ನನ್ನ ನಲವತ್ತನೆಯ ಹುಟ್ಟುಹಬ್ಬಕ್ಕೆ ಸ್ವಲ್ಪ ಮುಂಚೆ ಬೀಳುತ್ತಿತ್ತು. ನಮ್ಮಲ್ಲಿ ಯಾರೂ ಹುಟ್ಟುಹಬ್ಬವನ್ನು ಲೆಕ್ಕಕ್ಕೆ ಇಡುವುದಿಲ್ಲ. ನಾನು ಇಟ್ಟೆ.

ಹಾಗಿರುವಾಗ ಒಂದು ದಿನ ಹೊರರೋಗಿಗಳ ಸಾಲೆಲ್ಲ ಕರಗಿದ ಮೇಲೆ ಗೌಡರು ಒಳಗೆ ಬಂದರು. ಹೆಂಡತಿ ಬಾಗಿಲ ಹೊರಗೆ ನಿಂತರು. ಆಕೆ ಬೆಣ್ಣೆ ಕೊಡಲು ನಮ್ಮ ಮನೆಗೆ ಹೋಗಿ ಬರುತ್ತಿದ್ದರು. ನನ್ನವಳು ಮಾತಿನ ನಡುವೆ ಎಲ್ಲವನ್ನೂ ಹೇಳಿಬಿಟ್ಟಿದ್ದಳೆಂದು ಆಮೇಲೆ ತಿಳಿಯಿತು. ಗೌಡರು ಸ್ಟೂಲಿನ ಮೇಲೆ ಕೂತು ಪೇಟ ತೆಗೆದು ಮಡಿಲಲ್ಲಿಟ್ಟುಕೊಂಡರು. ಹಣೆ ಒರೆಸಿಕೊಂಡು ಬಂದಿದ್ದರು. ಅವರನ್ನು ಆ ಹೊತ್ತಿನಲ್ಲಿ ಬರಿಹಣೆಯಲ್ಲಿ ನಾನು ನೋಡಿದ್ದೇ ಇಲ್ಲ.

"ನನ್ನಿಂದ ನಿಮ್ಮ ಸೀಮೆಗೋಗೋದು ಕೆಟ್ಟೋಯ್ತಂತೆ," ಎಂದರು. "ನಂಗೊಂದು ಮಾತು ಏಳ್ಬಾರ್ದಾ ಸಾ? ಈ ಬಿಳೀದ ತೆಗ್ದು, ಅಣೇದೇ ಆಕ್ಬುಡಿ."

ನಾನು ಎದ್ದು ಹೋಗಿ ಅವರ ಹಣೆಯ ಮೇಲೆ ಬೆರಳಿಟ್ಟೆ. ಅಭ್ಯಾಸ. ಚರ್ಮ ಚೆನ್ನಾಗಿತ್ತು, ಅಗಲವಾಗಿತ್ತು, ಕೂದಲು ಹಿಂದಕ್ಕೆ ಸರಿದು ಇನ್ನಷ್ಟು ಜಾಗ ಬಿಟ್ಟಿತ್ತು. ಮೂರು ವಾರ ತೊಟ್ಟಿಗೆ, ಮತ್ತೊಂದಿಷ್ಟು ದಿನ ತಿದ್ದುವುದಕ್ಕೆ, ಫೋಟೋ, ಅಂಚೆ. ಹೊಂದುತ್ತಿತ್ತು. ಬಣ್ಣವೂ ಹೊಂದುತ್ತಿತ್ತು, ಅವರಿಗೂ ವಾಸಿಯೇ ಎಂದು ಯಾರ ಮುಂದೆಯೂ ವಾದಿಸಬಹುದಿತ್ತು. ಲೆಕ್ಕವೆಲ್ಲ ಮುಗಿದಾಗಲೂ ನನ್ನ ಬೆರಳು ಅಲ್ಲೇ ಇತ್ತು. ಅವರು ಕಣ್ಣು ಮುಚ್ಚಿಕೊಂಡು, ಹಲ್ಲು ಕಚ್ಚಿಕೊಂಡು ಕೂತಿದ್ದರು. ಆಪರೇಷನ್ನಿನ ದಿನ ಕೂಡ ಹಾಗೆ ಕೂತಿರಲಿಲ್ಲ.

"ಬದುಕಿರೋ ಮೂಗು ಕುಯ್ಯೋದು ನಂಗೆ ಬರಲ್ಲ ಗೌಡ್ರೇ," ಎಂದೆ.

"ಮತ್ತೆ ನಿಮ್ಮ ಸೀಮೆ?"

"ಅದು ಅಲ್ಲೇ ಇರ್ತದೆ. ಎಲ್ಲಿಗೂ ಹೋಗಲ್ಲ."

ಅವರು ಕಣ್ಣು ಬಿಟ್ಟು ನನ್ನನ್ನು ನೋಡಿದರು. ನಾನೆಲ್ಲಿ ಮಾತು ಬದಲಿಸಿಬಿಡುತ್ತೇನೋ ಎಂಬ ಹಾಗೆ ಬೇಗ ಎದ್ದು, ಪೇಟ ಸುತ್ತಿಕೊಂಡು, ಕೈಮುಗಿದು ಹೊರಗೆ ಹೋದರು. ಬಾಗಿಲಾಚೆ ಆಕೆ ತಗ್ಗಿದ ದನಿಯಲ್ಲಿ ಹೇಳಿದ್ದು ನನಗೆ ಕೇಳಿಸಿತು.

"ನಾ ಊರಲ್ಲೇ ಏಳ್ಲಿಲ್ವಾ, ಡಾಕುಟ್ರು ಒಲ್ಲೆ ಅಂತಾರೆ ಅಂತ? ಸುಮ್ಕೆ ಅಣೆ ಒರಸ್ಕಂಡು ಬಂದ್ರಿ."

ಕುರ್ಚಿಯಲ್ಲಿ ಕೂತೆ. ನಾನು ಒಲ್ಲೆ ಎನ್ನುತ್ತೇನೆಂದು ಆ ಮಾತು ಬಾಯಿಂದ ಬೀಳುವವರೆಗೆ ನನಗೇ ಗೊತ್ತಿರಲಿಲ್ಲ. ಆಕೆಗೆ ಲೊಕ್ಕನಹಳ್ಳಿ ಬಿಡುವಾಗಲೇ ಗೊತ್ತಿತ್ತಂತೆ. ಇದರಿಂದ ಸಂತೋಷಪಡಬೇಕೋ ಬೇಡವೋ ಎಂಬುದು ನನಗೆ ಇನ್ನೂ ತೀರ್ಮಾನವಾಗಿಲ್ಲ. ಆ ಸಂಜೆ ಹೆಂಡತಿಗೆ ಹೇಳಿದಾಗ ಅವಳು, ಸೀಮೆಯ ಚಳಿಗೆ ಕೋಟು ಹೊಲಿಸಲು ಮಾವನವರು ಕಳಿಸಿದ್ದ ಉಣ್ಣೆಯ ಬಟ್ಟೆಯನ್ನು ಮಡಿಸಿ ಪೆಟ್ಟಿಗೆಯ ತಳಕ್ಕಿಟ್ಟಳು.